ತೂಬಿನ ಕಡೆಗೆ ವಾಲುವ ನೆಲ

ಬಾಡಿಗೆಗೆ ಮನೆ ಹುಡುಕುವವರು ಯಾರಾದರೂ ನನ್ನ ಅಂಗಡಿಯಲ್ಲಿ ಮಾತಿಗೆ ಕೂತರೆ, ಅವರು ಕೇಳದಿದ್ದರೂ ನಾನು ಒಂದು ಮಾತು ಹೇಳಿಯೇ ಕಳಿಸುತ್ತೇನೆ. ಗೋಡೆಯ ಸುಣ್ಣ ನೋಡಬೇಡಿ, ಅದನ್ನು ಯಾರು ಬೇಕಾದರೂ ಬಳಿಸುತ್ತಾರೆ. ನಲ್ಲಿ ತಿರುಗಿಸಿ ನೋಡಬೇಡಿ, ನೀವು ನೋಡಲು ಹೋದ ದಿನ ನೀರು ಬಂದೇ ಬರುತ್ತದೆ. ಒಂದು ಚೊಂಬು ನೀರು ಇಸಕೊಂಡು ನಡುಮನೆಯಲ್ಲಿ ಸುರಿಯಿರಿ. ಅದು ಯಾವ ಕಡೆ ಹರಿಯುತ್ತದೆ ನೋಡಿಕೊಂಡು, ಆಮೇಲೆ ಬಾಡಿಗೆಯ ಮಾತಿಗೆ ಇಳಿಯಿರಿ. ಕೇಳಿದವರು ನಗುತ್ತಾರೆ. ನಗಲಿ. ನನಗೆ ಈ ಬುದ್ಧಿ ಬಂದದ್ದು ಚಾಮರಾಜಪೇಟೆಯ ಒಂದು ವಠಾರದ ಮನೆಯಲ್ಲಿ, ಅದೂ ತಡವಾಗಿ.

ಅದು ಎಪ್ಪತ್ತರ ದಶಕದ ಕೊನೆ. ನಾನಾಗ ಅಂಗಡಿಯವಳಲ್ಲ. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಬಸವನಗುಡಿಯ ಬೀದಿಗಳಲ್ಲಿ ಮನೆಮನೆ ತಿರುಗುತ್ತಿದ್ದೆ. ಹಳೆಯ ಜರಿ ಸೀರೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವುದು ನನ್ನ ವ್ಯಾಪಾರ. ಸೀರೆ ಬಿಸಿಲಿಗೆ ಹಿಡಿದರೆ ಸಾಕು, ಜರಿ ಬೆಳ್ಳಿಯದೋ ಬರೀ ಬಣ್ಣದ್ದೋ ನನಗೆ ಗೊತ್ತಾಗುತ್ತಿತ್ತು. ಮನೆಯೊಡತಿಗೆ ಗೊತ್ತಾಗದಂತೆ ಮುಖ ಸಪ್ಪಗೆ ಮಾಡಿಕೊಳ್ಳುವುದೂ ಗೊತ್ತಿತ್ತು. ಓದು ನಾಲ್ಕನೇ ಕ್ಲಾಸಿಗೆ ನಿಂತವಳಿಗೆ ಇಷ್ಟಾದರೂ ಬರಬೇಡವೇ.

ನಮ್ಮನೆಯವರು ಗಾಲ್ಫ್ ಮೈದಾನದಲ್ಲಿ ಕ್ಯಾಡಿ. ಸಾಹೇಬರ ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಮೈಲಿಗಟ್ಟಲೆ ನಡೆಯುವ ಕೆಲಸ. ಅವರು ಹುಟ್ಟಿದ್ದು ಬೆಳೆದದ್ದು ಕುಮಾರ ಪಾರ್ಕಿನ ಆಚೆ, ಮೈದಾನದ ಬೇಲಿಗೆ ಹೊಂದಿಕೊಂಡ ಸಾಲು ಮನೆಗಳಲ್ಲಿ. ಅಲ್ಲಿನ ಗಂಡುಮಕ್ಕಳು ನಡೆಯಲು ಕಲಿತ ಮೇಲೆ ಬೇಲಿ ದಾಟಲು ಕಲಿಯುತ್ತಿದ್ದರಂತೆ. ಮುರಿದ ಕೋಲುಗಳಿಂದ ಆಡಿ ಆಡಿ ಇವರಿಗೆ ಆಟ ಸಾಹೇಬರಿಗಿಂತ ಚೆನ್ನಾಗಿ ಬಂದುಬಿಟ್ಟಿತು. ಹೊಸದಾಗಿ ಸೇರಿದ ಮೆಂಬರುಗಳಿಗೆ ಕೈ ಹಿಡಿದು ಹೇಳಿಕೊಡುತ್ತಿದ್ದವರು ಇವರೇ. ಹಾಗೆ ಕಲಿತವರೂ ನಲವತ್ತು ದಾಟಿದ ಮನುಷ್ಯನನ್ನು ‘ಬಾಯ್’ ಎಂದೇ ಕರೆಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು, ಅವರಿಗೆ ಉರಿಯುತ್ತಿರಲಿಲ್ಲ. ಅವರಿಗೆ ಹುಲ್ಲು ಕಂಡರೆ ಸಾಕು, ಉಳಿದದ್ದು ಕಾಣುತ್ತಿರಲಿಲ್ಲ.

ಆದರೆ ಆ ಹುಲ್ಲೇ ಅವರಿಗೆ ಆಗಿಬರಲಿಲ್ಲ. ಬೆಂಗಳೂರಿನ ಚಳಿ ಬೇರೆಯವರಿಗೆ ಚೆಂದ. ಅವರೆಕಾಯಿ ಬರುತ್ತದೆ, ಬಿಸಿನೀರಿನ ಹಂಡೆಯ ಮುಂದೆ ಕೂರಬಹುದು, ಹೊದ್ದು ಮಲಗಬಹುದು. ಉಬ್ಬಸ ಇರುವವರ ಮನೆಯಲ್ಲಿ ಚಳಿಗಾಲ ಎಂದರೆ ಕಿವಿ. ಪಕ್ಕದಲ್ಲಿ ಮಲಗಿದವರ ಎದೆಯಲ್ಲಿ ಸಿಳ್ಳೆ ಶುರುವಾಯಿತೇ ಎಂದು ಕಿವಿಯೊಂದನ್ನು ಎಚ್ಚರವಾಗಿ ಇಟ್ಟುಕೊಂಡೇ ನಿದ್ದೆ ಮಾಡುವುದು. ಮಂಜು ಬಿದ್ದ ಹುಲ್ಲಿನ ಮೇಲೆ ಬೆಳಗಿನ ಜಾವ ಚೀಲ ಹೊತ್ತು ನಡೆದು ಬಂದರೆ, ಮಧ್ಯಾಹ್ನದವರೆಗೆ ಅವರು ಗೋಡೆಗೆ ಎರಡೂ ಕೈ ಊರಿ ಕೂತಿರುತ್ತಿದ್ದರು. ಚಾಮರಾಜಪೇಟೆಯ ಡಾಕ್ಟರು ಆ ವರ್ಷ ಕಡ್ಡಿ ಮುರಿದ ಹಾಗೆ ಹೇಳಿದರು. ಬಿಸಿಲು ಬರುವ ಮುಂಚೆ ಹೊರಗೆ ಕಾಲಿಡಕೂಡದು, ಭಾರ ಹೊರಕೂಡದು, ಇನ್ನೂ ಹೊತ್ತರೆ ಹೆಚ್ಚು ಚಳಿಗಾಲ ನೋಡುವುದಿಲ್ಲ ಎಂದು.

ಅದೇ ಸಮಯಕ್ಕೆ ಮೈದಾನದಲ್ಲಿ ಒಂದು ಸುದ್ದಿ ಹುಟ್ಟಿತು. ಆಟ ಹೇಳಿಕೊಡಲು ಒಬ್ಬನನ್ನು ಖಾಯಂ ಆಗಿ ಇಟ್ಟುಕೊಳ್ಳುತ್ತಾರಂತೆ. ಕ್ಯಾಡಿಗಳಲ್ಲೇ ಆರಿಸುತ್ತಾರಂತೆ. ಸಂಕ್ರಾಂತಿ ಕಳೆದ ಮೇಲೆ ಅವರವರಲ್ಲೇ ಆಟ ಇಟ್ಟು, ಗೆದ್ದವನಿಗೆ ಕೆಲಸ. ಚೀಲ ಹೊರುವುದಿಲ್ಲ, ಬೆಳಗಿನ ಜಾವ ಹೋಗುವುದಿಲ್ಲ. ಬಿಸಿಲೇರಿದ ಮೇಲೆ ಹೋಗಿ, ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ಕಲಿಸುವುದು. ನನಗೆ ಸಂಬಳ ಎಷ್ಟೆಂದು ಕೇಳಬೇಕೆಂದೇ ಅನ್ನಿಸಲಿಲ್ಲ. ನನ್ನನ್ನು ಬಲ್ಲವರಿಗೆ ಇದೇ ಸಾಕು, ನಾನು ಆ ಕೆಲಸವನ್ನು ಹೇಗೆ ನೋಡಿದ್ದೆ ಎಂದು ಗೊತ್ತಾಗಲು. ಡಾಕ್ಟರು ಬೇಡವೆಂದ ಯಾವುದೂ ಆ ಕೆಲಸದಲ್ಲಿ ಇರಲಿಲ್ಲ. ಅದೊಂದು ಸಿಕ್ಕರೆ ಇವರು ಉಳಿಯುತ್ತಾರೆ. ಅಷ್ಟೇ ಲೆಕ್ಕ.

ಆದರೆ ಆಟಕ್ಕೆ ಅಭ್ಯಾಸ ಬೇಕಲ್ಲ. ಕ್ಯಾಡಿಗಳಿಗೆ ಮೈದಾನ ಬಿಡುತ್ತಿದ್ದದ್ದು ಸೋಮವಾರ ಮಾತ್ರ, ಅದೂ ನಸುಕಿನಿಂದ ಬಿಸಿಲೇರುವವರೆಗೆ. ಆಮೇಲೆ ಹುಲ್ಲು ಕತ್ತರಿಸುವವರು ಬರುತ್ತಿದ್ದರು. ಡಾಕ್ಟರ ಮಾತು ಮೀರಿ ಒಂದು ಸೋಮವಾರ ಮಂಕಿ ಟೋಪಿ ಹಾಕಿಕೊಂಡು ಹೋದರು. ಆಟೋದಲ್ಲಿ ಇಬ್ಬರು ಹಿಡಿದುಕೊಂಡು ವಾಪಸು ಕರೆತಂದರು. ಮಾರನೆಯ ದಿನ ನಾನು ಅವರ ಕ್ಯಾನ್ವಾಸ್ ಬೂಟನ್ನು ಅಟ್ಟಕ್ಕೆ ಹಾಕಿದೆ.

ಇವರು ಅಟ್ಟದ ಕಡೆ ನೋಡುತ್ತಲೇ ಹೇಳಿದರು, “ದೂರ ಹೊಡೆಯೋದು ಮೈಯಲ್ಲೇ ಇರ್ತದೆ ಕಣೇ, ಎಲ್ಲೂ ಹೋಗಲ್ಲ. ಕೊನೇದು ಮಾತ್ರ ದಿನಾ ಮಾಡ್ಬೇಕು. ಅದನ್ನ ಮನೇಲೇ ಮಾಡ್ತೀನಿ ಬಿಡು.”

ಕೊನೆಯದು ಎಂದರೆ ಪಟ್ಟಿಂಗ್. ಚೆಂಡು ಎಲ್ಲೆಲ್ಲೋ ಹಾರಿ ಬಂದು ಕುಳಿಯ ಹತ್ತಿರ ಬೀಳುತ್ತದಲ್ಲ, ಅಲ್ಲಿಂದ ಅದನ್ನು ನೆಲದ ಮೇಲೇ ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವುದು. ಅದಕ್ಕೊಂದು ಬೇರೆಯೇ ಕೋಲು, ಚಪ್ಪಟೆ ಮೂತಿಯದು. ಊರು ಬಿಟ್ಟು ಹೋದ ಸಾಹೇಬರೊಬ್ಬರು ಕೊಟ್ಟಿದ್ದು ಇವರ ಹತ್ತಿರ ಇತ್ತು. ನೂರಾರು ಗಜ ಸರಿಯಾಗಿ ಹೊಡೆದವರೂ ಕೊನೆಯ ನಾಲ್ಕು ಅಡಿಯಲ್ಲಿ ಸೋಲುತ್ತಾರೆ ಎನ್ನುತ್ತಿದ್ದರು. ವ್ಯಾಪಾರವೂ ಹಾಗೆಯೇ, ಎಲ್ಲ ಮಾತು ಮುಗಿದು ಗಿರಾಕಿ ಕೈ ಚಾಚುವ ಕ್ಷಣದಲ್ಲೇ ಕೆಡುವುದು, ಅದನ್ನು ನಾನೂ ಬಲ್ಲೆ.

ನಮಗೆ ಮಕ್ಕಳಿರಲಿಲ್ಲ. ಅದಕ್ಕೇ ನಡುಮನೆಯಲ್ಲಿ ಬಾಗಿಲಿಂದ ಅಡುಗೆಮನೆಯ ಹೊಸಿಲವರೆಗೆ ಅಷ್ಟುದ್ದ ಜಾಗ ಖಾಲಿ ಸಿಕ್ಕಿತು. ಹೊಸಿಲ ಹತ್ತಿರ ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿದೆ. ಇವರು ಬಾಗಿಲ ಬಳಿ ನಿಂತು ಮೊದಲ ಚೆಂಡು ತಟ್ಟಿದರು. ಕೆಂಪು ಗಾರೆಯ ನೆಲ, ವರ್ಷಗಟ್ಟಲೆ ಒರೆಸಿ ಕನ್ನಡಿಯಾಗಿದ್ದದ್ದು. ಚೆಂಡು ಲೋಟದ ಕಡೆ ಹೊರಟಿದ್ದು ನಡುವೆ ಮನಸ್ಸು ಬದಲಿಸಿದಂತೆ ಎಡಕ್ಕೆ ತಿರುಗಿತು, ಗೋಡೆಯ ಮೂಲೆಗೆ ಹೋಯಿತು, ಅಲ್ಲಿದ್ದ ತೂಬಿನೊಳಗೆ ತೂರಿ ಹೊರಗಿನ ಚರಂಡಿಗೆ ಬಿತ್ತು.

ಹಳೆಯ ಮನೆಗಳಲ್ಲಿ ಹೀಗೆಯೇ ಕಟ್ಟುತ್ತಿದ್ದರು. ನೆಲ ತೊಳೆದ ನೀರು ತಾನಾಗಿ ಹರಿದು ಹೋಗಲೆಂದು ನಡುಮನೆಯನ್ನೇ ಒಂದು ಮೂಲೆಗೆ ಇಳಿಜಾರು ಮಾಡಿ, ಅಲ್ಲೊಂದು ತೂಬು ಬಿಡುತ್ತಿದ್ದರು. ಮನೆ ತೋರಿಸುವಾಗ ಓನರು ಅದನ್ನೇ ದೊಡ್ಡದಾಗಿ ಹೇಳಿದ್ದರು, ನೀರು ಹಾಕಿ ಸುಮ್ಮನೆ ನಿಂತುಕೋ ಅಮ್ಮಾ, ಅದೇ ದಾರಿ ನೋಡ್ಕೊಂಡು ಹೋಗ್ತದೆ ಅಂತ. ನಾನು ಪ್ರತಿ ಶುಕ್ರವಾರ ತೊಳೆಯುತ್ತಿದ್ದೆ. ನೀರು ಹೋಗುತ್ತಿತ್ತು.

ಪಕ್ಕದ ಮನೆಯ ಅಜ್ಜಿ ಕಡ್ಡಿಯಲ್ಲಿ ಚೆಂಡನ್ನು ಎತ್ತಿ, ಎರಡು ಬೆರಳಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದರು. ಮಡಿಯ ಹೆಂಗಸು, ಆದರೂ ಕುತೂಹಲ ಬಿಡಬೇಕಲ್ಲ.

“ಏನಮ್ಮಾ, ಈ ವಯಸ್ನಲ್ಲಿ ನಿಮ್ಮನೆಯವ್ರು ಗೋಲಿ ಆಡ್ತಿದಾರಾ?”

“ದೊಡ್ಡೋರ ಗೋಲಿ ಅಜ್ಜೀ. ಇದ್ರಲ್ಲಿ ಗೆದ್ರೆ ಕುರ್ಚಿ ಕೊಡ್ತಾರೆ.”

“ಕುರ್ಚಿ ಬೇಕಿದ್ರೆ ನಮ್ಮನೇದೇ ಒಂದು ಮುರಿದಿದೆ, ತಗೊಂಡು ಹೋಗ್ಲಿ” ಅಂದು ಅಜ್ಜಿ ಚೆಂಡನ್ನು ಹೊಸಿಲ ಮೇಲಿಟ್ಟು ಹೋದರು. ಮುಂದೆ ಪ್ರತಿ ದಿನ ಹಾಲು ತರಲು ಹೋಗುವಾಗ ಬಾಗಿಲು ತಟ್ಟಿ, ಬಿತ್ತಾ ಎಂದು ಕೇಳುವುದನ್ನು ಅವರು ತಪ್ಪಿಸಲಿಲ್ಲ.

ತೂಬಿಗೆ ಹಳೆಯ ಬಟ್ಟೆ ತುರುಕಿದೆವು. ಆದರೆ ಗಾರೆಯ ಮೇಲೆ ಚೆಂಡು ಸಿಕ್ಕಾಪಟ್ಟೆ ಓಡುತ್ತಿತ್ತು, ಹುಲ್ಲಿನ ಮೇಲಿನ ಹಾಗೆ ಅಲ್ಲ. ಜಮಖಾನ ಹಾಸಿದರೆ ಅದರ ಏರಿಳಿತಕ್ಕೆ ಚೆಂಡು ಕುಪ್ಪಳಿಸುತ್ತಿತ್ತು. ಕಂಬಳಿಯ ಮೇಲೆ ಮುಂದಕ್ಕೇ ಹೋಗಲಿಲ್ಲ. ಇದಕ್ಕೆ ಏನು ಬೇಕೆಂದು ನಾನು ಬುಟ್ಟಿ ಹೊತ್ತು ತಿರುಗುವಾಗಲೆಲ್ಲ ಯೋಚಿಸುತ್ತಿದ್ದೆ. ಮಾವಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ಉತ್ತರ ಕಣ್ಣಿಗೆ ಬಿತ್ತು. ಯಾವುದೋ ಬಂಗಲೆ ಖಾಲಿ ಮಾಡಿದಾಗ ಬಂದ ಬಿಲಿಯರ್ಡ್ಸ್ ಮೇಜಿನ ಹಸಿರು ಉಣ್ಣೆ ಬಟ್ಟೆ, ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಬೇಕಾದವರು ಇಟ್ಟುಕೊಳ್ಳಲಿ. ಬೇಕಾದ ವಸ್ತುವನ್ನು ಎಂದೂ ಮೊದಲು ಮುಟ್ಟಬಾರದು. ಅದರ ಪಕ್ಕದ್ದನ್ನು ಕೇಳಬೇಕು. ನಾನು ಪಕ್ಕದಲ್ಲಿದ್ದ ಕಾಫಿ ಬೀಜದ ಮಿಷನ್ ಬಗ್ಗೆ ಬಹಳ ಹೊತ್ತು ಜಗಳವಾಡಿದೆ. ಅದರ ಹಿಡಿ ಸರಿಯಿಲ್ಲ ಅಂದೆ, ಹಲ್ಲು ಸವೆದಿದೆ ಅಂದೆ. ಅಂಗಡಿಯವನು ಸುಸ್ತಾದ ಮೇಲೆ ಹೊರಡುವವಳಂತೆ ಎದ್ದು, ಬುಟ್ಟಿಯ ಕೆಳಗೆ ಹಾಸಲು ಆ ಹರಿದ ಬಟ್ಟೆ ಕೊಡ್ತೀಯಾ ಎಂದು ಕೇಳಿದೆ. ಒಂದು ಮೂಲೆ ಹರಿದಿತ್ತು, ನಡುವೆ ಸಿಗರೇಟಿನ ಸುಟ್ಟ ಗುರುತೂ ಇತ್ತು. ಅವನು ನನ್ನ ಬುಟ್ಟಿಯಲ್ಲಿದ್ದ ಸ್ಟೀಲ್ ಕೊಡದ ಮೇಲೆ ಕಣ್ಣಿಟ್ಟ. ನಾನು ಡಬ್ಬಿ ತೋರಿಸಿದೆ. ಕೊನೆಗೆ ಮುಚ್ಚಳವಿಲ್ಲದ ಒಂದು ಡಬ್ಬಿಗೆ ಮಾತು ಮುಗಿಯಿತು. ಜೀವನದಲ್ಲಿ ಅಂಥ ವ್ಯಾಪಾರ ಇನ್ನೊಂದು ಮಾಡಿಲ್ಲ ಎಂದು ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ.

ಬಟ್ಟೆ ಬಿಚ್ಚಿ ಹಾಸಿದಾಗ ಇವರು ಅದರ ಮೇಲೆ ಕಾಲಿಡಲಿಲ್ಲ. ಕೂತು ಅಂಗೈಯಲ್ಲಿ ಸವರಿದರು. ಸವರುತ್ತಲೇ ಇದ್ದರು.

ಬಟ್ಟೆಯ ಮೇಲೆ ಚೆಂಡು ಹುಲ್ಲಿನ ಮೇಲೆ ಹೋದಂತೆಯೇ ಹೋಗುತ್ತಿತ್ತಂತೆ. ಎಡಕ್ಕೆ ವಾಲುವುದು ಮಾತ್ರ ವಾಲುತ್ತಲೇ ಇತ್ತು. ನಾನು ಎಡಗಡೆ ಕೆಳಗೆ ಪೇಪರ್ ಮಡಿಸಿ ಇಡಲೇ ಎಂದು ಕೇಳಿದೆ. ಬೇಡ ಎಂದರು. ಮೈದಾನದಲ್ಲೂ ನೆಲವೇನು ಮಟ್ಟವಾಗಿರುತ್ತದೆಯೇ, ವಾಲಿದ್ದರೇ ಒಳ್ಳೆಯದು, ಕೈ ಕಲಿಯುತ್ತದೆ ಎಂದರು. ಅವರು ಆಟ ಬಲ್ಲವರು, ನಾನು ಪಾತ್ರೆ ಮಾರುವವಳು. ಪೇಪರನ್ನು ಎತ್ತಿಟ್ಟೆ.

ಆ ಧನುರ್ಮಾಸ ಪೂರ್ತಿ ನಮ್ಮ ಮನೆಯ ಬೆಳಗು ಹೀಗಿರುತ್ತಿತ್ತು. ಬಾಗಿಲು ಮುಚ್ಚಿ, ಕಿಟಕಿಗೆ ಚೀಲ ಕಟ್ಟಿ, ಒಲೆಯ ಮೇಲೆ ಹಿತಕಿದ ಅವರೆಕಾಳು ಬೇಯುತ್ತಿರುವಾಗ ಇವರು ಸ್ವೆಟರ್ ಹಾಕಿಕೊಂಡು ಹಸಿರು ಬಟ್ಟೆಯ ಈ ತುದಿಯಲ್ಲಿ ಬಗ್ಗಿ ನಿಲ್ಲುತ್ತಿದ್ದರು. ‘ಎರಡು ಬೆರಳು ಬಲಕ್ಕೆ’ ಎಂದು ತಮಗೇ ಹೇಳಿಕೊಂಡು, ಲೋಟಕ್ಕಿಂತ ಅಷ್ಟು ಬಲಕ್ಕೆ ಗುರಿ ಇಟ್ಟು ಮೆಲ್ಲಗೆ ತಟ್ಟಿ, ಕತ್ತನ್ನು ಎಡಕ್ಕೆ ಓರೆ ಮಾಡಿ ಕಾಯುತ್ತಿದ್ದರು. ಚೆಂಡು ಬಲಕ್ಕೆ ಹೊರಟು, ನಿಧಾನವಾಗಿ ಎಡಕ್ಕೆ ಬಾಗಿ, ಲೋಟದೊಳಗೆ ಹೋಗಿ ಟಣ್ ಎನ್ನುತ್ತಿತ್ತು. ಮೊದಮೊದಲು ತಪ್ಪುತ್ತಿತ್ತು. ಆಮೇಲೆ ನಾನು ಅಡುಗೆಮನೆಯಲ್ಲಿ ಕೂತು ಟಣ್ ಟಣ್ ಎಂಬುದನ್ನು ಮಾತ್ರ ಕೇಳುತ್ತಿದ್ದೆ. ಉಸಿರಿನ ಸಿಳ್ಳೆ ಕಡಿಮೆಯಾಗಿತ್ತು. ಮುಖಕ್ಕೆ ಸ್ವಲ್ಪ ರಕ್ತ ಬಂದಿತ್ತು. ಆ ಶಬ್ದ ಕೇಳುತ್ತಾ ನಾನು ಜಗುಲಿಯ ಆ ಕುರ್ಚಿಯನ್ನು ಕಣ್ಣಲ್ಲಿ ಕಟ್ಟಿಕೊಂಡೆ. ಬೆತ್ತದ್ದೋ ಕಬ್ಬಿಣದ್ದೋ, ಬೆತ್ತದ್ದೇ ಇರಬೇಕು. ಬೆನ್ನಿಗೆ ಒಂದು ದಿಂಬು ಹೊಲಿದು ಕೊಡಬೇಕು ಎಂದೂ ಬಟ್ಟೆ ತೆಗೆದಿಟ್ಟೆ.

ಅವರು ಎರಡು ಬೆರಳು ಬಲಕ್ಕೆ ಎಂದು ಬಾಯಿಬಿಟ್ಟು ಹೇಳುತ್ತಿದ್ದದ್ದು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಅವರೂ ಗಮನಿಸಿರಲಿಕ್ಕಿಲ್ಲ.

ಆಟದ ದಿನ ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಅಂಥ ಕಡೆಗೆ ಕ್ಯಾಡಿಗಳ ಹೆಂಡತಿಯರು ಒಳಗೆ ಹೋಗುವಂತಿಲ್ಲ. ನಾನು ರಸ್ತೆಯ ಕಡೆಯ ಬೇಲಿ ಹಿಡಿದು ನಿಂತೆ. ಕೊನೆಯ ಕುಳಿ ಅಲ್ಲಿಗೆ ಕಾಣುತ್ತದೆ ಎಂದು ಅವರೇ ಜಾಗ ಹೇಳಿದ್ದರು. ಬಹಳ ಹೊತ್ತು ಬರೀ ಹುಲ್ಲು ಕಂಡಿತು. ಆಮೇಲೆ ಜನ ಬಂದರು. ಉಳಿದವರೆಲ್ಲ ಹಿಂದೆ ಬಿದ್ದು, ಕೊನೆಗೆ ಇವರೂ ಇನ್ನೊಬ್ಬ ಚಿಕ್ಕ ವಯಸ್ಸಿನವನೂ ಸಮಸಮ ಇದ್ದಾರೆ ಎಂದು ಬೇಲಿಯ ಹತ್ತಿರ ನಿಂತಿದ್ದ ಕ್ಯಾಡಿಯೊಬ್ಬ ಹೇಳಿದ. ಆ ಚಿಕ್ಕವನಿಗೂ ಮೊದಲು ಕೋಲು ಹಿಡಿಯಲು ಹೇಳಿಕೊಟ್ಟವರು ಇವರೇ. ಅವನು ತನ್ನ ಚೆಂಡನ್ನು ಕುಳಿಗೆ ಹಾಕಿದ. ಇನ್ನು ಇವರದು. ದೂರ ನಮ್ಮ ನಡುಮನೆಯಷ್ಟೇ ಇತ್ತು, ಬಾಗಿಲಿಂದ ಅಡುಗೆಮನೆಯ ಹೊಸಿಲಿಗೆ. ನನಗೆ ಧೈರ್ಯ ಬಂತು. ಹಾಕ್ಬಿಟ್ರು ಅನ್ಕೋ ಅಕ್ಕಾ, ಸಪಾಟು ನೆಲ ಅದು, ಎಂದ ಪಕ್ಕದವನು.

ಇವರು ಬಗ್ಗಿದರು. ತಟ್ಟಿದರು. ತಟ್ಟಿ, ಕತ್ತನ್ನು ಎಡಕ್ಕೆ ಓರೆ ಮಾಡಿ ಕಾದರು.

ಅಷ್ಟು ದೂರದಿಂದ ನನಗೆ ಚೆಂಡು ಕಾಣಲಿಲ್ಲ. ಆ ಕತ್ತು ಕಂಡಿತು. ಮನೆಯಲ್ಲಿ ನಿಲ್ಲುತ್ತಿದ್ದಂತೆಯೇ ನಿಂತಿದ್ದರು, ಚೆಂಡು ಈಗ ಬಾಗುತ್ತದೆ, ಈಗ ಬಾಗುತ್ತದೆ ಎಂಬಂತೆ. ಟಣ್ ಎನ್ನುವುದನ್ನು ನಾನೂ ಕಾದೆ. ಜನ ಕದಲಿದರು. ಆ ಚಿಕ್ಕವನು ಬಂದು ಇವರ ಕಾಲು ಮುಟ್ಟಿದ. ಇವರು ಅವನ ಬೆನ್ನು ತಟ್ಟಿದರು. ಕತ್ತು ಇನ್ನೂ ಪೂರ್ತಿ ನೆಟ್ಟಗಾಗಿರಲಿಲ್ಲ.

ಅವರು ಗೇಟಿನಿಂದ ಹೊರಗೆ ಬಂದರು. ಶೇಷಾದ್ರಿಪುರದ ಬಸ್ ಸ್ಟಾಪಿನವರೆಗೆ ನಡೆದೆವು. ಬಸ್ಸು ಬರುವುದು ತಡವಾಯಿತು. ಕೋಲನ್ನು ನೆಲಕ್ಕೂರಿ, ಅದರ ಮೂತಿಯನ್ನೇ ನೋಡುತ್ತಾ ಹೇಳಿದರು.

“ಅಲ್ಲಿ ತೂಬು ಇರ್ಲಿಲ್ಲ ಕಣೇ.”

ನನಗೆ ತಕ್ಷಣ ಅರ್ಥವಾಯಿತು, ಸಪಾಟು ನೆಲದಲ್ಲೂ ಅವರ ಕೈ ಎರಡು ಬೆರಳು ಬಲಕ್ಕೇ ಹೊಡೆದಿತ್ತು. ಯಾರಿಗಾದರೂ ಹೇಳಿದರೆ ನಗು ಬರುವಂಥ ಮಾತು. ಅವರೂ ಸ್ವಲ್ಪ ನಕ್ಕರು. ಆ ನಗು ಕೆಮ್ಮಿಗೆ ತಿರುಗಿತು, ಕೆಮ್ಮು ನಿಲ್ಲುವವರೆಗೆ ಬೆನ್ನು ಸವರುತ್ತಾ ನಿಂತೆ. ಎರಡು ಬಸ್ಸು ಬಿಟ್ಟೆವು.

ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಇದ್ದರು. ನಮ್ಮ ಮುಖ ನೋಡಿ ಆ ಸಂಜೆ ಅವರು ಬಿತ್ತಾ ಎಂದು ಕೇಳಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ಹುಗ್ಗಿ ತಂದು, ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹೋದರು.

ತಪ್ಪು ಯಾರದೆಂದು ಕೆದಕುವ ಅಭ್ಯಾಸ ನನಗಿಲ್ಲ. ಮುಗಿದ ವ್ಯಾಪಾರದ ಬಗ್ಗೆ ಕೊರಗುವವರು ಮುಂದಿನದನ್ನೂ ಕೆಡಿಸಿಕೊಳ್ಳುತ್ತಾರೆ. ಇವರನ್ನು ಮನೆಯಲ್ಲಿ ಕೂರಿಸಲು ನೋಡಿದೆ. ಅಂಗಡಿ ಹಾಕೋಣ, ನೀವು ನೆರಳಲ್ಲಿ ಕೂತು ಗಲ್ಲಾ ನೋಡಿಕೊಳ್ಳಿ ಅಂದೆ. ಕೇಳಲಿಲ್ಲ. ಬೇಸಿಗೆಯಲ್ಲಿ ಎದೆ ಹಗುರಾಗುತ್ತಿದ್ದಂತೆ ಬೂಟನ್ನು ಅಟ್ಟದಿಂದ ತೆಗೆದುಕೊಂಡು ಮತ್ತೆ ಚೀಲ ಹೊರಲು ಹೋದರು. ಹುಲ್ಲು ಬಿಟ್ಟು ಇರಲು ಅವರಿಗೆ ಬರುತ್ತಿರಲಿಲ್ಲ. ಮುಂದಿನ ಚಳಿಗೆ ನಾನು ಹಸಿರು ಬಟ್ಟೆ ಹಾಸಿ ಲೋಟ ಇಟ್ಟೆ, ಮೈ ಬೆಚ್ಚಗಾದರೂ ಆಗಲಿ ಎಂದು.

“ಎತ್ತಿಡು” ಎಂದರು. “ಈ ನೆಲ ನಂಗೆ ಚೆನ್ನಾಗಿ ಬಂದೋಯ್ತು.”

ಆಮೇಲೆ ಆ ಬಟ್ಟೆ ಹೊದಿಕೆಯಾಯಿತು. ಒಳ್ಳೆಯ ಉಣ್ಣೆ, ಕಂಬಳಿಯ ಹಾಗೆ ಚುಚ್ಚುವುದಿಲ್ಲ. ಮಲಗಲಾಗದೆ ಗೋಡೆಗೆ ಒರಗಿ ಕೂತಾಗ ಅದನ್ನು ಹೆಗಲಿನಿಂದ ಕಾಲಿನವರೆಗೆ ಸುತ್ತುತ್ತಿದ್ದೆ. ಸಿಗರೇಟಿನ ಸುಟ್ಟ ಗುರುತು ಎದೆಯ ಮೇಲೆ ಬರುತ್ತಿತ್ತು. ಇನ್ನೂ ಕೆಲವು ಚಳಿಗಾಲ ಹಾಗೆ ಕಳೆಯಿತು. ಎಂಬತ್ತರ ದಶಕ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ, ಬೀದಿಯಲ್ಲಿ ಅವರೆ ಸಿಪ್ಪೆಯ ಗುಡ್ಡೆಗಳು ಬಿದ್ದಿದ್ದ ಒಂದು ಬೆಳಿಗ್ಗೆ, ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ, ಅವರು ಹೋದರು. ಆ ಚಿಕ್ಕವನು, ಆ ಹೊತ್ತಿಗೆ ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಿದ್ದರು, ಹೆಗಲು ಕೊಡಲು ಎಲ್ಲರಿಗಿಂತ ಮೊದಲು ಬಂದ.

ನಾನು ಅಂಗಡಿ ಹಾಕಿದೆ. ಬುಟ್ಟಿಯಿಂದ ಅಂಗಡಿಗೆ, ಅಂಗಡಿಯಿಂದ ಮಾವಳ್ಳಿಯ ಕಡೆ ಒಂದು ಚಿಕ್ಕ ಸೈಟಿಗೆ ಹೇಗೆ ಬಂದೆ ಎಂದು ಹೇಳಿದರೆ ಅದೇ ಬೇರೆ ಕಥೆ. ಕೋಲು ಈಗಲೂ ಅಂಗಡಿಯಲ್ಲಿದೆ. ಸಂಜೆ ಶಟರ್ ಎಳೆಯಲು ಅದರ ಬಾಗಿದ ಮೂತಿ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ. ಗಿರಾಕಿಗಳು ಇದೇನೆಂದು ಕೇಳಿದರೆ ಶಟರ್ ಕೋಲು ಎನ್ನುತ್ತೇನೆ.

ಮನೆ ಕಟ್ಟುವಾಗ ಇಟ್ಟಿಗೆ, ಮರಳು, ಕಿಟಕಿಯ ಸರಳು ಎಲ್ಲದಕ್ಕೂ ಚೌಕಾಸಿ ಮಾಡಿ ಮೇಸ್ತ್ರಿಯನ್ನು ಸಾಕುಬೇಕು ಮಾಡಿದ್ದೆ. ನೆಲ ಹಾಕುವ ದಿನ ಅವನು ನಡುಮನೆಯಲ್ಲಿ ನಿಂತು, ಇಳಿಜಾರು ಯಾವ ಕಡೆ ಕೊಡಲಿ ಎಂದು ಕೇಳಿದ.

“ಯಾವ ಕಡೆಗೂ ಬೇಡ. ಮಟ್ಟ ಮಾಡಪ್ಪ.”

“ತೊಳೆದ ನೀರು ಎಲ್ಲಿಗಮ್ಮ ಹೋಗ್ಬೇಕು? ಅಲ್ಲೇ ನಿಂತ್ಕೊಳ್ತದೆ.”

“ನಿಲ್ಲಲಿ. ಒರೆಸ್ಕೋತೀನಿ.”

ಇಷ್ಟು ದಿನ ಪೈಸೆಪೈಸೆಗೆ ಜಗಳವಾಡಿದ ಹೆಂಗಸು ಕೊನೆಗೆ ಹೀಗೇಕೆ ದಡ್ಡಿಯಾದಳೆಂದು ಅವನು ನನ್ನ ಮುಖ ನೋಡಿದ. ರಸಮಟ್ಟ ಇಟ್ಟು ತೋರಿಸೆಂದು ಮೂರು ಕಡೆ ಇಡಿಸಿದೆ. ಗಾರೆ ಒಣಗಿದ ಮೇಲೆ, ಯಾರೂ ಇಲ್ಲದಾಗ, ಟ್ರಂಕಿನಿಂದ ಒಂದು ಹಳೆಯ ಚೆಂಡು ತೆಗೆದು ನಡುಮನೆಯ ಮಧ್ಯದಲ್ಲಿಟ್ಟು ಕೈ ತೆಗೆದೆ. ಅಲ್ಲೇ ನಿಂತಿತು.

ಮನೆಗೆಲಸದವಳು ಪ್ರತಿ ಶುಕ್ರವಾರ ಗೊಣಗುತ್ತಾಳೆ. ಎಷ್ಟು ಗುಡಿಸಿದರೂ ನಿಮ್ಮನೆ ನೀರು ಎಲ್ಲಿಗೂ ಹೋಗಲ್ಲವಲ್ಲಮ್ಮಾ, ಕಟ್ಟಿಸುವಾಗ ಯಾರೂ ಹೇಳುವವರಿರಲಿಲ್ಲವಾ ಎನ್ನುತ್ತಾಳೆ. ನಾನು ಅವಳನ್ನು ಅಡುಗೆಮನೆಗೆ ಕಳಿಸಿ, ಸೆರಗು ಸಿಕ್ಕಿಸಿ, ಹೊಸಿಲಿನಿಂದ ಬಾಗಿಲವರೆಗೆ ನಿಂತ ನೀರನ್ನು ಬಗ್ಗಿ ಒರೆಸುತ್ತೇನೆ.